ಸುಳ್ಯಕ್ಕೆ ಹೋದ ಉತ್ತರ

ಪುತ್ತೂರು
18 ನವೆಂಬರ್ 2025, ಮಂಗಳವಾರ

ರುಕಿಯಾಕ್ಕನಿಗೆ ದಿಶಾಂತ್ ಬರೆಯುವುದು.

ಹೇಗಿದ್ದೀರಿ ಎಂದು ಕೇಳಿ ಶುರು ಮಾಡಬೇಕಂತೆ. ನಿಮ್ಮನ್ನು ಹೆತ್ತ ಉಮ್ಮನನ್ನು ಮಣ್ಣು ಮಾಡಿ ಇನ್ನೂ ಒಂದು ವಾರ ಆಗಿಲ್ಲ. ಹೇಗಿದ್ದೀರಿ ಎಂದು ನನಗೆ ಗೊತ್ತುಂಟು, ಹಾಗಾಗಿ ಕೇಳುವುದಿಲ್ಲ.

ಇಷ್ಟು ವರ್ಷ ನಾವು ತುಳುವಿನಲ್ಲೇ ಮಾತಾಡಿದವರು. ಅದರಲ್ಲಿ ನಿಮಗೆ ಏಕವಚನವೇ. ಕನ್ನಡದಲ್ಲಿ ಬರೆಯಲು ಕೂತರೆ ಕೈ ತಾನಾಗಿ ‘ನೀವು’ ಎಂದು ಬರೆಯುತ್ತದೆ. ದೂರ ಮಾಡಿದ ಎಂದು ತಿಳಿಯಬೇಡಿ. ಫೋನ್ ಮಾಡಬಹುದಿತ್ತು. ಫೋನಿನಲ್ಲಾದರೆ ನೀವು ನಡುವೆ ಅಳುತ್ತೀರಿ, ನಾನು ನಿಲ್ಲಿಸಿಬಿಡುತ್ತೇನೆ. ನಿಲ್ಲಿಸಲು ಕಾರಣ ಸಿಕ್ಕಿದರೆ ನಿಲ್ಲಿಸುವವನೇ ನಾನು. ಅದಕ್ಕೆ ಕಾಗದ.

ವಿಷಯ ಮೊದಲೇ ಹೇಳುತ್ತೇನೆ. ಅಕ್ಷಿತಾ ಸಿಸ್ಟರ್ ತಪ್ಪು ಮಾಡಿಲ್ಲ. ಆ ಶನಿವಾರ ಮಧ್ಯಾಹ್ನದಿಂದ ಸೋಮವಾರ ಮಧ್ಯಾಹ್ನದವರೆಗೆ ಉಮ್ಮ ನೋವಿನಲ್ಲಿ ಒದ್ದಾಡಿದ್ದಕ್ಕೆ ಕಾರಣ ನಾನು.

ಬರುವ ಶುಕ್ರವಾರ ಹತ್ತೂವರೆಗೆ ಟ್ರಸ್ಟಿನ ಕಮಿಟಿ ಪುತ್ತೂರಿನಲ್ಲಿ ಕೂತು ಸಿಸ್ಟರನ್ನು ಕೆಲಸದಿಂದ ತೆಗೆಯುತ್ತದೆ. ಅಷ್ಟಕ್ಕೇ ಬಿಡುವುದಿಲ್ಲವಂತೆ, ನರ್ಸಿಂಗ್ ಕೌನ್ಸಿಲಿಗೂ ಬರೆಯುತ್ತಾರಂತೆ. ಹಾಗೆ ಬರೆದರೆ ಮತ್ತೆ ಎಲ್ಲಿಯೂ ಆಕೆಗೆ ನರ್ಸ್ ಕೆಲಸ ಸಿಗುವುದಿಲ್ಲ. ಕಮಿಟಿಯವರ ಕೈಯಲ್ಲಿರುವುದು ಎರಡು ಕಾಗದ. ಒಂದು ನಿಮ್ಮ ದೂರು. ಇನ್ನೊಂದು ನಮ್ಮ ಕಂಪ್ಯೂಟರ್ ಅಂಗಡಿಯಿಂದ ಹೋದ ವರದಿ. ಎರಡನ್ನೂ ಟೈಪ್ ಮಾಡಿದ್ದು ನಾನೇ.

ದೂರಿನ ಕಥೆ ನಿಮಗೆ ಗೊತ್ತುಂಟು. ಗುರುವಾರ ನಾನು ಬಂದಾಗ ನೀವು ಚಹಾ ಕೊಟ್ಟಿರಿ. ಕುಡಿದೆ. ಆಮೇಲೆ ಒಳಗಿನ ಕೋಣೆಯ ಖಾಲಿ ಮಂಚ ತೋರಿಸಿ ಹೇಳಿದಿರಿ:

“ಅವಳು ಆದಿತ್ಯವಾರ ಇಡೀ ದಿನ ಫೋನ್ ನೋಡ್ತಾ ಕೂತದ್ದು ದಿಶು. ಉಮ್ಮ ಅವಳ ಕೈ ಹಿಡ್ಕೊಂಡಿದ್ರು. ಅವಳ ಕಣ್ಣು ಫೋನಲ್ಲಿ. ಒಂದು ಮಾತ್ರೆ ಹೆಚ್ಚು ಕೊಡ್ಲಿಕ್ಕೆ ಅವಳಿಗೆ ಎಂತ ಕಷ್ಟ ಇತ್ತು?”

ನಿನಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಬರುತ್ತದಲ್ಲ, ಇದನ್ನು ಬರೆದು ಟ್ರಸ್ಟಿಗೆ ಕಳಿಸು ಎಂದಿರಿ. ನಿಮ್ಮ ಮಂಚದ ಮೇಲೆ ಕೂತು ನನ್ನ ಫೋನಿನಲ್ಲಿ ಬರೆದೆ. ನೀವು ಹೇಳಿದ್ದು “ಅವಳ ಗಮನ ಇರ್ಲಿಲ್ಲ” ಎಂದು. ನಾನು ಬರೆದದ್ದು ‘ಕರ್ತವ್ಯದಲ್ಲಿ ತೀವ್ರ ನಿರ್ಲಕ್ಷ್ಯ’. ಆ ಶಬ್ದ ನಿಮ್ಮದಲ್ಲ. ನಾನು ಓದಿ ಹೇಳಿದಾಗ ನೀವು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ, ಹೂಂ ಎಂದಿರಿ. ಕಮಿಟಿ ಹಿಡಿದುಕೊಂಡದ್ದು ಅದೇ ಶಬ್ದವನ್ನು. ಒತ್ತಕ್ಷರ ಕಲಿಸಿದವರೇ ನೀವು. ಅದನ್ನು ನಾನು ಇದಕ್ಕೆ ಉಪಯೋಗಿಸಿದೆ.

ಇನ್ನು ಆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಸ್ವಲ್ಪ ಕಂಪ್ಯೂಟರ್ ವಿಷಯ ಬರುತ್ತದೆ. ನಿಮಗೆ ಅರ್ಥ ಆಗುವ ಹಾಗೆಯೇ ಬರೆಯುತ್ತೇನೆ, ಬಿಟ್ಟು ಓದಬೇಡಿ.

ಹಾಸಿಗೆ ಹಿಡಿದವರ ಮನೆಗೆ ನರ್ಸ್ ಕಳಿಸುವ ಈ ಟ್ರಸ್ಟ್ ಮೊದಲು ಮೂರು ಬೇರೆ ಬೇರೆ ಸಂಸ್ಥೆ. ಪುತ್ತೂರಿನದ್ದು ಒಂದು, ಸುಳ್ಯದ್ದು ಒಂದು, ಕಡಬದ್ದು ಒಂದು. ಹೋದ ವರ್ಷ ಸೇರಿಸಿ ಒಂದು ಮಾಡಿದರು. ಆದರೆ ಇಮೇಲ್ ಇಡುವ ಸರ್ವರ್ ಮೂರೂ ಕಡೆ ಬೇರೆ ಬೇರೆಯಾಗಿಯೇ ಉಳಿಯಿತು. ಪತ್ರಗಳು ಇದ್ದಲ್ಲೇ ಇರಲಿ, ಅವನ್ನು ತೆರೆದು ನೋಡುವ ಪುಟ ಮಾತ್ರ ಎಲ್ಲರಿಗೂ ಒಂದೇ ಆಗಲಿ ಎಂದು ಟ್ರಸ್ಟಿನವರು ಸುದರ್ಶನಣ್ಣನಿಗೆ ಕೆಲಸ ಕೊಟ್ಟರು. ಸುದರ್ಶನಣ್ಣ ಎಂದರೆ ನಮ್ಮ ಅಂಗಡಿಯ ಯಜಮಾನರು. ಅವರು ಸಹಿ ಹಾಕಿ ಕೆಲಸ ಹಿಡಿದರು. ಮಾಡಿದ್ದು ನಾನು.

ಆ ಪುಟದಲ್ಲಿ ಮೊದಲು ಊರು ಆರಿಸಬೇಕು, ಆಮೇಲೆ ಹೆಸರು, ಪಾಸ್‌ವರ್ಡ್. ಟ್ರಸ್ಟಿನಲ್ಲಿ ವಿಳಾಸ ಇರುವುದು ಜನರ ಹೆಸರಿನಲ್ಲಲ್ಲ, ಕೆಲಸದ ಹೆಸರಿನಲ್ಲಿ. ನರ್ಸುಗಳು ವರ್ಷಕ್ಕೊಬ್ಬರು ಗಲ್ಫಿಗೆ ಹೋಗುತ್ತಾರೆ, ಮದುವೆಯಾಗಿ ಹೋಗುತ್ತಾರೆ. ಪ್ರತಿ ಸಲ ಹೊಸ ವಿಳಾಸ ಮಾಡುವುದು ಯಾರು? ಹಾಗಾಗಿ ಮೂರು ಊರಿನಲ್ಲೂ ‘ನರ್ಸ್ ಒಂದು’, ‘ನರ್ಸ್ ಎರಡು’, ‘ಆಫೀಸು’ ಎಂದೇ ಹೆಸರು. ಕಡಬದ ನರ್ಸ್ ಒಂದು ಅಕ್ಷಿತಾ ಸಿಸ್ಟರ್. ಸುಳ್ಯದ ನರ್ಸ್ ಒಂದು ಈಶ್ವರಿ ಎಂಬವರು.

ಈ ಸಾಫ್ಟ್‌ವೇರ್ ಪ್ರತಿಯೊಬ್ಬರಿಗೂ ಒಂದು ಹಾಳೆ ಇಟ್ಟುಕೊಳ್ಳುತ್ತದೆ. ಇವರಿಗೆ ಪುಟ ಕನ್ನಡದಲ್ಲಿ ಬೇಕು, ಅವರಿಗೆ ಇಂಗ್ಲಿಷಿನಲ್ಲಿ. ಇವರಿಗೆ ಅಕ್ಷರ ದೊಡ್ಡದು ಬೇಕು. ಪತ್ರದ ಅಡಿಯಲ್ಲಿ ಈ ಹೆಸರು ತಾನಾಗಿ ಬರಬೇಕು. ಉತ್ತರ ಬರೆಯುವವರು ಬರೆದರೆ ಅದು ಈ ವಿಳಾಸಕ್ಕೆ ಬರಬೇಕು. ಎಲ್ಲ ಆ ಹಾಳೆಯಲ್ಲಿ. ಹಾಳೆಯ ತಲೆಯಲ್ಲಿ ಎರಡು ವಿಷಯ ಬರೆದಿರುತ್ತದೆ: ಬಳಸುವವರ ಹೆಸರು, ಅವರ ಸರ್ವರಿನ ಹೆಸರು. ಎರಡೂ ಸೇರಿದರೆ ಮಾತ್ರ ಇದು ಯಾರ ಹಾಳೆ ಎಂದು ಅದಕ್ಕೆ ಗೊತ್ತಾಗುವುದು.

ಕಡಬದ ಸರ್ವರ್ ಹೊರಗಿನಿಂದ ನೇರ ಸಿಗುತ್ತಿರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಮೂರಕ್ಕೂ ಪುತ್ತೂರಿನ ಯಂತ್ರದ ಒಳಗಿನಿಂದಲೇ ದಾರಿ ಮಾಡಿದೆ. ಮೂರಕ್ಕೂ ಕೊಟ್ಟದ್ದು ಒಂದೇ ಹೆಸರು, ಬಾಗಿಲಿನ ನಂಬ್ರ ಮಾತ್ರ ಬೇರೆ ಬೇರೆ. ತೆರೆದು ನೋಡಿದರೆ ಕಡಬದವರಿಗೆ ಕಡಬದ ಇಮೇಲ್, ಸುಳ್ಯದವರಿಗೆ ಸುಳ್ಯದ್ದು, ಸರಿಯಾಗಿ ಬಂತು. ಅಂಗಡಿಯಲ್ಲಿ ಮೇಜು ಬಡಿದು ಎದ್ದೆ. ಡಿಗ್ರಿ ಮಾಡಿದವರಿಗೆ ಆಗದ್ದು ಒಂಬತ್ತನೇ ಕ್ಲಾಸಿನಲ್ಲಿ ಬ್ಯಾಗ್ ಎಸೆದು ಬಂದವನಿಗೆ ಆಯಿತು ಎಂದು ದೊಡ್ಡದಾಗಿ ಹೇಳಿಯೂ ಹೇಳಿದೆ.

ಹಾಳೆಯ ತಲೆಯಲ್ಲಿ ಅದು ಬಾಗಿಲಿನ ನಂಬ್ರ ಬರೆಯುವುದಿಲ್ಲ, ಹೆಸರು ಮಾತ್ರ ಬರೆಯುತ್ತದೆ. ನನಗೆ ಗೊತ್ತಿರಲಿಲ್ಲ. ಆದ್ದರಿಂದ ಮೂರು ಊರಿನ ಮೂರು ‘ನರ್ಸ್ ಒಂದು’ಗಳಿಗೆ ಸೇರಿ ಒಂದೇ ಹಾಳೆ ಆಯಿತು. ಕೊನೆಗೆ ಯಾರು ಬದಲಾಯಿಸಿದರೋ ಅವರದ್ದು ಎಲ್ಲರಿಗೂ. ಸಾಫ್ಟ್‌ವೇರಿನ ಜೊತೆ ಬರುವ ಪುಸ್ತಕದಲ್ಲಿ ಇದನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಈಗ ಹುಡುಕಿ ಓದಿದೆ. ಆಗ ಓದಲಿಲ್ಲ. ಓದಿದರೆ ನನಗೆ ಅರ್ಧ ಅರ್ಥ ಆಗುತ್ತದೆ, ಉಳಿದರ್ಧವನ್ನು ಯಾರ ಹತ್ತಿರವಾದರೂ ಕೇಳಬೇಕು. ಕೇಳುವುದು ನನ್ನಿಂದ ಆಗುವುದಿಲ್ಲ. ಕೇಳಿದ ಕೂಡಲೇ ಎದುರಿನವರ ಮುಖದಲ್ಲಿ ಒಂದು ನಗೆ ಬರುತ್ತದಲ್ಲ, ಅದನ್ನು ನೋಡಿದರೆ ನನಗೆ ಹೊಡೆಯಬೇಕು ಎನಿಸುತ್ತದೆ. ಶಾಲೆ ಬಿಟ್ಟದ್ದೂ ಅದಕ್ಕೇ. ಆ ದಿನ ಅಮ್ಮ ಹೊಡೆಯಲು ಹಿಡಿಸೂಡಿ ತೆಗೆದುಕೊಂಡಾಗ ಬೇಲಿ ದಾಟಿ ಬಂದು ಅಡ್ಡ ನಿಂತದ್ದು ಉಮ್ಮ. ನಿಮಗೆ ನೆನಪಿರಬಹುದು.

ಅಕ್ಟೋಬರ್ ಕೊನೆಗೆ ಕಡಬದ ಆಫೀಸಿಗೆ ಹೋಗಿ ಎಲ್ಲರಿಗೂ ಪುಟ ತೋರಿಸಿಕೊಟ್ಟೆ. ಅಕ್ಷಿತಾ ಸಿಸ್ಟರ್ ನನ್ನನ್ನು ಕಂಪ್ಯೂಟರ್ ಡಾಕ್ಟ್ರು ಎಂದು ಚೇಷ್ಟೆ ಮಾಡಿದರು. ಅವರು ಕೇಳಿದ್ದು ಒಂದೇ, ಪುಟ ಕನ್ನಡದಲ್ಲಿ ಬೇಕು, ಅಕ್ಷರ ದೊಡ್ಡದು ಬೇಕು. ನಿಮಗೆ ಕನ್ನಡಕ ಬಂತಾ ಎಂದು ನಾನೂ ಚೇಷ್ಟೆ ಮಾಡಿದೆ. ಕಣ್ಣು ತನ್ನದಲ್ಲ, ರೋಗಿಗಳದ್ದು ಎಂದರು. ಡಾಕ್ಟ್ರು ಬರೆದದ್ದನ್ನು ಮನೆಯವರಿಗೆ ತೋರಿಸಿಯೇ ಮಾತ್ರೆ ಕೊಡುವುದು ಅವರ ಕ್ರಮ. ನಿಮಗೂ ತೋರಿಸಿರಬಹುದು.

ನವೆಂಬರ್ ಆರು, ಗುರುವಾರ ಬೆಳಿಗ್ಗೆ ಅವರು ಅಂಗಡಿಗೆ ಫೋನ್ ಮಾಡಿದರು. ಈ ಮಾತುಗಳನ್ನು ಇದ್ದ ಹಾಗೆಯೇ ಬರೆಯುತ್ತೇನೆ.

“ದಿಶಾಂತ್, ನನ್ನ ಪುಟ ಮತ್ತೆ ಇಂಗ್ಲಿಷ್ ಆಗಿದೆ. ನಿನ್ನೆ ಕನ್ನಡ ಮಾಡಿ ಇಟ್ಟಿದ್ದೆ. ಪತ್ರದ ಅಡಿಗೆ ಈಶ್ವರಿ, ಸುಳ್ಯ ಅಂತ ಬರ್ತದೆ. ಅದು ನಾನಲ್ಲ.”

“ನೀವೆಂತಾದ್ರೂ ಒತ್ತಿರ್ತೀರಿ ಸಿಸ್ಟರ್.”

“ನಾನು ಎಂತ ಒತ್ತುದು ಮಾರಾಯ? ನಿನ್ನೆ ಸಂಜೆ ಮುಚ್ಚಿದ್ದು, ಈಗ ತೆಗೆದದ್ದು. ಒಂದ್ಸಲ ನೋಡು, ಬೇರೆಯವರದ್ದೆಲ್ಲ ನಂಗೆ ಬರುದು ಒಳ್ಳೇದಲ್ಲ.”

“ನೀವು ಇಂಜೆಕ್ಷನ್ ಕೊಡಿ. ಕಂಪ್ಯೂಟರ್ ನಾನು ನೋಡ್ತೇನೆ.”

ಆಕೆ ಹೇಳಿದ್ದರಲ್ಲೇ ಎಲ್ಲ ಇತ್ತು. ಆ ಹೆಸರು ಕಡಬದ ಪುಟಕ್ಕೆ ಹೇಗೆ ಬಂತು ಎಂದು ಎರಡು ನಿಮಿಷ ಯೋಚಿಸಿದ್ದರೆ ಹಾಳೆ ಒಂದೇ ಆಗಿದೆ ಎಂದು ತಿಳಿಯುತ್ತಿತ್ತು. ನಾನು ಯೋಚಿಸಲಿಲ್ಲ. ಜನ ಸುಮ್ಮನೆ ಅದು ಇದು ಒತ್ತಿ ಹಾಳು ಮಾಡುತ್ತಾರೆ ಎಂದು ಸಿಟ್ಟಿನಲ್ಲಿ, ಯಾರೂ ತಮ್ಮ ಸೆಟ್ಟಿಂಗ್ ಬದಲಾಯಿಸದ ಹಾಗೆ ಇಡೀ ಪುಟಕ್ಕೆ ಬೀಗ ಹಾಕಿದೆ. ಹಾಕುವಾಗ ಹಾಳೆಯಲ್ಲಿ ಇದ್ದದ್ದು ಈಶ್ವರಿಯವರ ಹೆಸರು, ಸುಳ್ಯದ ವಿಳಾಸ. ಅದು ಹಾಗೆಯೇ ಗಟ್ಟಿಯಾಯಿತು. ಸಿಸ್ಟರಿಗೆ ಇನ್ನು ಕೈಯಿಂದ ಸರಿ ಮಾಡಿಕೊಳ್ಳಲೂ ಆಗದ ಹಾಗೆ ಮಾಡಿದೆ.

ಅವರು ಪತ್ರದ ಅಡಿಯ ಹೆಸರನ್ನು ಅಳಿಸಿ ಅಳಿಸಿ ತನ್ನ ಹೆಸರು ಬರೆದು ಕಳಿಸುತ್ತಿದ್ದರು. ಆದರೆ ಉತ್ತರ ಎಲ್ಲಿಗೆ ಹೋಗಬೇಕು ಎಂಬುದು ಬರೆಯುವವರ ಕಣ್ಣಿಗೆ ಬೀಳುವ ಜಾಗದಲ್ಲಿಲ್ಲ. ಎರಡು ದಿನ ಅದರಿಂದ ಏನೂ ಆಗಲಿಲ್ಲ. ದಿನದ ವರದಿಗಳಿಗೆ ಯಾರೂ ಉತ್ತರ ಬರೆಯುವುದಿಲ್ಲ. ಉತ್ತರ ಬೇಕಾದ ಮೊದಲನೇ ಪತ್ರ ಉಮ್ಮನದ್ದು.

ಶನಿವಾರ ಸಿಸ್ಟರ್ ನಿಮ್ಮಲ್ಲಿಗೆ ಬಂದದ್ದು ಹನ್ನೊಂದಕ್ಕೆ. ನಾಲ್ಕು ಗಂಟೆಗೊಮ್ಮೆ ಕೊಡುವ ನೋವಿನ ಮಾತ್ರೆಯ ಬಲ ಎರಡು ಗಂಟೆಯೂ ನಿಲ್ಲುವುದಿಲ್ಲ ಎಂದು ನೋಡಿದರು. ಆ ಮಾತ್ರೆಯನ್ನು ಡಾಕ್ಟ್ರು ಬರಹದಲ್ಲಿ ಹೇಳದೆ ಒಂದು ಚೂರೂ ಹೆಚ್ಚು ಮಾಡುವ ಹಾಗಿಲ್ಲ. ಬರಹ ಬರಬೇಕಾದದ್ದು ಟ್ರಸ್ಟಿನ ಇಮೇಲಿನಲ್ಲೇ. ಹಿಂದೊಮ್ಮೆ ಯಾರದ್ದೋ ಚೀಟಿ ವಾಟ್ಸಾಪಿನಲ್ಲಿ ತಪ್ಪಿ ಬೇರೆ ಗುಂಪಿಗೆ ಹೋದ ಮೇಲೆ ಮಾಡಿದ ನಿಯಮ ಅದು. ಹನ್ನೆರಡು ಐವತ್ತಕ್ಕೆ ಸಿಸ್ಟರ್ ಪುತ್ತೂರಿನ ಅನಘಾ ಡಾಕ್ಟ್ರಿಗೆ ಬರೆದರು. ಒಂದು ಇಪ್ಪತ್ತೈದಕ್ಕೆ ಡಾಕ್ಟ್ರು ಉತ್ತರ ಬರೆದರು: ಒಂದರ ಬದಲು ಎರಡು ಕೊಡಿ, ನಡುವೆ ನೋವು ಬಂದರೆ ಇನ್ನೊಂದು ಕೊಡಿ, ಕೂಡಲೇ ಶುರು ಮಾಡಿ. ಮೂವತ್ತೈದು ನಿಮಿಷ. ಇದಕ್ಕಿಂತ ಬೇಗ ಯಾರು ಬರೆಯುತ್ತಾರೆ? ಮಾತ್ರೆ ಕಡಬದ ಕಪಾಟಿನಲ್ಲೇ ಇತ್ತು, ನಿಮ್ಮ ಮನೆಯಿಂದ ನಾಲ್ಕು ಕಿಲೋಮೀಟರ್.

ಉತ್ತರ ಸುಳ್ಯಕ್ಕೆ ಹೋಯಿತು. ಈಶ್ವರಿಯವರು ಐವರ್ನಾಡಿನಲ್ಲಿ ಅಕ್ಕನ ಮಗಳ ಮದುವೆಗೆಂದು ಮಂಗಳವಾರದವರೆಗೆ ರಜೆಯಲ್ಲಿದ್ದರು. ಅಲ್ಲಿ ಅದನ್ನು ನೋಡುವವರಿಲ್ಲ. ಎರಡನೇ ಶನಿವಾರ ಆದ್ದರಿಂದ ಡಾಕ್ಟ್ರೂ ಉತ್ತರ ಬರೆದು ಮುಗಿಸಿ ಕಾಸರಗೋಡು ಕಡೆಯ ತಮ್ಮ ಊರಿಗೆ ಹೋದರು, ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅವರದ್ದೂ ತಪ್ಪಲ್ಲ. ತಾನು ಬರೆದದ್ದು ಮುಟ್ಟಿದೆ ಎಂದೇ ಅವರು ತಿಳಿದದ್ದು. ಆಸ್ಪತ್ರೆಗೆ ಮಾತ್ರ ಕೊಂಡುಹೋಗಬೇಡಿ ಎಂದು ಉಮ್ಮ ಮೊದಲೇ ಹೇಳಿಟ್ಟಿದ್ದರು, ಅದು ನಿಮಗೇ ಗೊತ್ತುಂಟು.

ಆ ದಿನ ಸಂಜೆ ಐದಕ್ಕೆ ಸಿಸ್ಟರ್ ಮತ್ತೆ ನನಗೆ ಫೋನ್ ಮಾಡಿದರು.

“ಇಮೇಲ್ ಬಂದ್ ಆಗಿದೆಯಾ? ಡಾಕ್ಟ್ರ ಉತ್ತರ ಬರ್ಲಿಲ್ಲ, ಫೋನೂ ಹೋಗುದಿಲ್ಲ. ಇಲ್ಲಿ ಒಬ್ರಿಗೆ ತುಂಬ ಕಷ್ಟ ಉಂಟು.”

“ಎಲ್ಲ ಸರಿ ಉಂಟು. ಬಂದ್ರೆ ಬರ್ತದೆ.”

ಇಷ್ಟೇ ನಾನು ಹೇಳಿದ್ದು.

ಇನ್ನು ಆದಿತ್ಯವಾರ. ಯಾರು ಯಾವಾಗ ಪುಟ ತೆರೆದರು ಎಂದು ಆ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಅದರ ಪ್ರತಿ ಈ ಕಾಗದದ ಜೊತೆ ಇಟ್ಟಿದ್ದೇನೆ, ನೋಡಿ. ಆದಿತ್ಯವಾರ ಸಿಸ್ಟರಿಗೆ ರಜೆ. ರಜೆಯಲ್ಲೂ ನಿಮ್ಮಲ್ಲಿಗೆ ಬಂದಿದ್ದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವರು ಆ ಪುಟವನ್ನು ತೆರೆದದ್ದು ನಲವತ್ತೊಂದು ಸಲ. ಒಂಬತ್ತು ಹನ್ನೆರಡಕ್ಕೆ. ಒಂಬತ್ತು ಇಪ್ಪತ್ತಕ್ಕೆ. ಒಂಬತ್ತೂವರೆಗೆ. ಹತ್ತೂಕಾಲಿನ ಸುತ್ತಮುತ್ತ ಐದು ಸಲ. ಮಧ್ಯಾಹ್ನ ಇನ್ನೊಂದು ಪತ್ರವನ್ನೂ ಡಾಕ್ಟ್ರಿಗೆ ಕಳಿಸಿದ್ದಾರೆ. ನೀವು ನೋಡಿದ ಫೋನಿನಲ್ಲಿ ಇದ್ದದ್ದು ಅದು, ರುಕಿಯಾಕ್ಕ. ಬೇರೆ ಎಂತದ್ದೂ ಅಲ್ಲ. ಒಂದು ಕೈ ಉಮ್ಮನ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಖಾಲಿ ಇನ್‌ಬಾಕ್ಸ್ ತೆರೆದು ತೆರೆದು ನೋಡುವುದು. ನಲವತ್ತೊಂದು ಸಲ ತೆರೆದವರ ಮೇಲೆ ನಾನು ‘ನಿರ್ಲಕ್ಷ್ಯ’ ಎಂದು ಬರೆದೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಉಪ್ಪಿನಂಗಡಿಯಲ್ಲಿ ಬಸ್ ಬದಲಾಯಿಸಿ, ಎಂಟೂವರೆಗೆ ಸಿಸ್ಟರ್ ಡಾಕ್ಟ್ರ ಬಾಗಿಲಲ್ಲಿ ನಿಂತಿದ್ದರು. ಶನಿವಾರವೇ ಬರೆದಿದ್ದೇನಲ್ಲ ಎಂದು ಡಾಕ್ಟ್ರು ಬೈದು, ಕಳಿಸಿದ ಪತ್ರವನ್ನು ಪರದೆಯಲ್ಲಿ ತೋರಿಸಿದರಂತೆ. ಸಿಸ್ಟರ್ ವಾದ ಮಾಡಲಿಲ್ಲ. ಬರೆಸಿದ ಚೀಟಿ ಹಿಡಿದು ವಾಪಸು ಬಸ್ ಹತ್ತಿದರು. ನಿಮ್ಮ ಮನೆ ಮುಟ್ಟುವಾಗ ಹನ್ನೆರಡು. ಎರಡು ಮಾತ್ರೆ ನುಂಗಿದ ಮೇಲೆ ಉಮ್ಮ ನಿದ್ದೆ ಮಾಡಿದ್ದು ನೀವೇ ನನಗೆ ಹೇಳಿದ್ದು.

ಅದೇ ಹೊತ್ತಿಗೆ ಡಾಕ್ಟ್ರು ಅಂಗಡಿಗೆ ಫೋನ್ ಮಾಡಿ ವಿಚಾರಿಸಿ, ನೋಡಿ ವರದಿ ಕೊಡಿ ಎಂದರು. ನಾನು ಕೂತು ನೋಡಿದೆ, ತಪ್ಪು ಕಂಡಿತು, ಮೂರು ಸರ್ವರಿಗೂ ಬೇರೆ ಬೇರೆ ಹೆಸರು ಕೊಟ್ಟೆ. ಮುಕ್ಕಾಲು ಗಂಟೆಯ ಕೆಲಸ. ಸುದರ್ಶನಣ್ಣನಿಗೆ ಹೇಳಿದೆ. ಅವರು ಬಾಗಿಲು ಎಳೆದುಕೊಂಡರು.

“ಈಗ ಸರಿ ಉಂಟಲ್ಲ? ಹಾಗಾದ್ರೆ ದೋಷ ಇಲ್ಲ ಅಂತ ಬರೆಯುದು ಸುಳ್ಳೆಂತ?”

“ಶನಿವಾರ ದೋಷ ಇತ್ತಲ್ಲ.”

“ಶನಿವಾರದ್ದು ಯಾರು ಕೇಳಿದ್ದು? ನೋಡು, ನಿನ್ನತ್ರ ಹತ್ತನೇ ಕ್ಲಾಸಿನ ಕಾಗದ ಇಲ್ಲ. ರೋಗಿಗಳ ಕೆಲಸ ನಿನ್ನ ಕೈಯಲ್ಲಿ ಮಾಡ್ಸಿದ್ದು ಅಂತ ಗೊತ್ತಾದ್ರೆ ಮೊದ್ಲು ಹಿಡಿಯುದು ನನ್ನನ್ನ. ಆಮೇಲೆ ನಿಂಗೆ ಕೆಲಸ ಕೊಡುವವ ಈ ಪುತ್ತೂರಲ್ಲಿ ಯಾರುಂಟು?”

ನನಗೆ ಸಿಟ್ಟು ಬಂತು. ಬಂದ ಸಿಟ್ಟಿನಲ್ಲೇ ಅವರು ಹೇಳಿದ್ದನ್ನು ಟೈಪ್ ಮಾಡಿದೆ: ‘ವ್ಯವಸ್ಥೆಯನ್ನು ಪರಿಶೀಲಿಸಲಾಗಿದ್ದು ಯಾವುದೇ ದೋಷ ಕಂಡುಬಂದಿಲ್ಲ. ಬಳಕೆದಾರರು ಪತ್ರವನ್ನು ಗಮನಿಸದೆ ಅಳಿಸಿರುವ ಸಾಧ್ಯತೆ ಇದೆ.’ ನೋಡಿ, ಇಷ್ಟು ಸಿಟ್ಟಿನವನು ನಾನು. ಮೇಷ್ಟ್ರ ಮೇಲೆ ಬ್ಯಾಗ್ ಎಸೆಯಲು ಬಂತು, ಇದನ್ನು ಎಸೆಯಲು ಬರಲಿಲ್ಲ.

ಆ ರೋಗಿ ಉಮ್ಮ ಎಂದು ನನಗೆ ಗೊತ್ತಾದದ್ದು ಬುಧವಾರ, ನಿಮ್ಮ ತಮ್ಮ ಹಿಶಾಮ್ ಫೋನ್ ಮಾಡಿ ಉಮ್ಮ ಹೋದರು ಎಂದಾಗ. ಅಮ್ಮ ಬೆಟ್ಟಂಪಾಡಿಗೆ ಹೋದ ಮೇಲೆ ನಾನು ಕಡಬಕ್ಕೆ ಬರುವುದೇ ನಿಂತಿತ್ತು. ಕಾಯಿಲೆ ಇಷ್ಟು ಮುಂದೆ ಹೋಗಿದೆ ಎಂದು ತಿಳಿಯಲೂ ಇಲ್ಲ.

ಮರುದಿನ ಬಂದೆ, ಚಹಾ ಕುಡಿದೆ, ದೂರು ಬರೆದುಕೊಟ್ಟೆ. ಆಗಲೇ ಹೇಳಬೇಕಿತ್ತು. ನೀವು ಅತ್ತು ಕೆಂಪಾದ ಕಣ್ಣಿನಲ್ಲಿ ಹೊಟ್ಟೆ ತುಂಬಾ ತಿಂದಿದ್ದೀಯಾ ಎಂದು ನನ್ನನ್ನೇ ಕೇಳಿದಿರಿ. ತಿಂದಿದ್ದೇನೆ ಎಂದು ಹೇಳಿ ಹೊರಟೆ.

ಹಾಗಿದ್ದವನು ಈಗ ಯಾಕೆ ಬರೆಯುತ್ತೇನೆ ಎಂದರೆ, ಮೊನ್ನೆ ಆದಿತ್ಯವಾರ ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಸಿಸ್ಟರ್ ಸಿಕ್ಕಿದರು. ನಾನು ನಿಮ್ಮಲ್ಲಿಗೆ ಬರಬೇಕೆಂದು ಇಳಿದವನು, ಧೈರ್ಯ ಸಾಲದೆ ಅಲ್ಲೇ ನಿಂತಿದ್ದೆ. ಅವರನ್ನು ಆಗಲೇ ಕೆಲಸಕ್ಕೆ ಬರಬೇಡಿ ಎಂದಿದ್ದಾರೆ. ಬೈಯುತ್ತಾರೆ ಎಂದುಕೊಂಡೆ. ಅವರಿಗೆ ನನ್ನ ಮೇಲೆ ಸಂಶಯವೇ ಇಲ್ಲ. ಇಮೇಲ್ ಎಲ್ಲಿ ಹೋಯಿತು ಎಂದೂ ಕೇಳಲಿಲ್ಲ. ರುಕಿಯಾ ಊಟ ಮಾಡುತ್ತಾರಾ ಎಂದು ನಿಮ್ಮನ್ನು ವಿಚಾರಿಸಿದರು. ಆಮೇಲೆ ಹೇಳಿದರು:

“ರುಕಿಯಾ ಬರೆದದ್ದು ಸರಿಯೇ ಉಂಟು ದಿಶಾಂತ್. ಕಪಾಟಿನ ಕೀ ನನ್ನತ್ರವೇ ಇತ್ತು. ಬರಹ ಕಾಯದೆ ಎರಡು ಮಾತ್ರೆ ಕೊಟ್ಟುಬಿಡ್ಬೇಕಿತ್ತು. ಕೆಲಸ ಹೋದ್ರೆ ಹೋಗ್ತಿತ್ತು. ಈಗಲೂ ಹೋಗ್ತದಲ್ಲ.”

ಇದು ನನಗೆ ತಡೆಯಲು ಆಗಲಿಲ್ಲ. ತಪ್ಪು ಮಾಡದವರು ತಪ್ಪನ್ನು ತಾವೇ ಹುಡುಕಿ ಮೈಮೇಲೆ ಹಾಕಿಕೊಳ್ಳುವುದು. ಶುಕ್ರವಾರ ಕಮಿಟಿಯ ಎದುರು ಅವರು ಇದನ್ನೇ ಹೇಳುತ್ತಾರೆ. ಕಮಿಟಿಗೂ ಅಷ್ಟೇ ಬೇಕಾದದ್ದು.

ಈಗ ನೀವು ಮಾಡಬೇಕಾದದ್ದು. ನಾನೊಬ್ಬನೇ ಹೋಗಿ ಹೇಳಿದರೆ ನಿಲ್ಲುವುದಿಲ್ಲ. ಇವನು ನನ್ನ ಮೇಲಿನ ಸಿಟ್ಟಿಗೆ ಹೇಳುವುದು ಎಂದು ಸುದರ್ಶನಣ್ಣ ಒಂದು ಮಾತು ಹೇಳಿದರೆ ಸಾಕು, ನನ್ನ ಸಿಟ್ಟು ಪುತ್ತೂರಿಗೆಲ್ಲ ಗೊತ್ತುಂಟು. ದೂರು ಕೊಟ್ಟವರು ನೀವು. ನಿಮ್ಮ ಮಾತನ್ನು ಅವರು ಕೇಳಲೇಬೇಕು. ಸುಳ್ಯದ ನರ್ಸ್ ಒಂದರ ಇನ್‌ಬಾಕ್ಸ್ ನಮ್ಮೆಲ್ಲರ ಎದುರು ತೆರೆಯಿರಿ ಎಂದು ಕೇಳಿ. ಡಾಕ್ಟ್ರು ಉಮ್ಮನ ಬಗ್ಗೆ ಬರೆದ ಉತ್ತರ ದಿನ, ಗಂಟೆ ಸಮೇತ ಅಲ್ಲಿಯೇ ಉಂಟು. ನಾನು ಬದಲಾಯಿಸುವ ಮೊದಲು ಮೂರು ಸರ್ವರಿಗೂ ಒಂದೇ ಹೆಸರು ಇದ್ದ ಆ ಮೂರು ಸಾಲುಗಳ ಪ್ರತಿಯನ್ನೂ ಇಟ್ಟಿದ್ದೇನೆ, ಯಾವ ಕಂಪ್ಯೂಟರ್ ಕಲಿತವರಿಗೆ ತೋರಿಸಿದರೂ ಅರ್ಥವಾಗುತ್ತದೆ. ಈ ಕಾಗದವನ್ನೂ ಕೊಡಿ. ನಾನು ಹತ್ತು ಗಂಟೆಗೆ ಟ್ರಸ್ಟಿನ ಮೆಟ್ಟಿಲಲ್ಲಿ ಇರುತ್ತೇನೆ, ಕರೆದರೆ ಒಳಗೆ ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ.

ಸುದರ್ಶನಣ್ಣನಿಗೆ ಇವತ್ತು ಬೆಳಿಗ್ಗೆ ಅಂಗಡಿಯ ಕೀ ವಾಪಸು ಕೊಟ್ಟೆ. ನಾನು ಬೈಯಲಿಲ್ಲ. ಬೈಯಲು ಬಾಯಿಗೆ ಬಂದದ್ದೆಲ್ಲ ನನಗೇ ಸರಿ ಹೊಂದುತ್ತಿತ್ತು.

ಕ್ಷಮಿಸಿ ಎಂದು ಬರೆಯುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದು ನನಗೆ ಗೊತ್ತು. ಮೊದಲು ಸಿಸ್ಟರ್ ಕೆಲಸ ಉಳಿಯಲಿ.

ಯಾರೂ ಹೇಳಿಕೊಡದೆ, ಸ್ವಂತ ಕೈಯಲ್ಲಿ ಬರೆದವನು,
ದಿಶಾಂತ್

(ಹಾಳೆ ತಿರುಗಿಸಿ)

ಸಹಿ ಹಾಕಿದ ಮೇಲೆ ಓದಿ ನೋಡಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳುಂಟು. ರೋಗಿ ಯಾರೆಂದು ಬುಧವಾರ ಗೊತ್ತಾದದ್ದಲ್ಲ. ತಪ್ಪು ಕಂಡದ್ದು ಸೋಮವಾರವೂ ಅಲ್ಲ.

ಶನಿವಾರ ಮೂರು ಗಂಟೆಗೆ ನಾನು ಸುಳ್ಯದ ಇನ್‌ಬಾಕ್ಸ್ ತೆರೆದಿದ್ದೆ. ಫೋಟೋ ಕಳಿಸಲು ಆಗುವುದಿಲ್ಲ, ನೋಡು ಎಂದು ಈಶ್ವರಿಯವರು ರಜೆಗೆ ಹೋಗುವ ಮೊದಲು ಪಾಸ್‌ವರ್ಡ್ ಕೊಟ್ಟಿದ್ದರು. ಎಲ್ಲಕ್ಕಿಂತ ಮೇಲೆ ಡಾಕ್ಟ್ರ ಪತ್ರ ಇತ್ತು. ‘ಕಡಬ, ನಫೀಸಮ್ಮ, ಮಾತ್ರೆ ಹೆಚ್ಚಿಸುವುದು.’ ತೆರೆದು ಓದಿದೆ. ಮನೆಯ ಹೆಸರು ಇತ್ತು, ಸಂಪರ್ಕಕ್ಕೆ ಎಂದು ನಿಮ್ಮ ಹೆಸರು, ನಿಮ್ಮ ನಂಬ್ರ ಇತ್ತು. ಆ ನಂಬ್ರ ನನ್ನ ಫೋನಿನಲ್ಲಿ ‘ರುಕಿಯಾಕ್ಕ’ ಎಂದೇ ಉಂಟು. ಐದು ಗಂಟೆಗೆ ಸಿಸ್ಟರ್ ಫೋನ್ ಮಾಡುವಾಗ ನನಗೆ ಎಲ್ಲ ಗೊತ್ತಿತ್ತು.

ಹೇಳಿದ್ದರೆ ಗುರುವಾರ ಸಿಸ್ಟರ್ ಹೇಳಿದ್ದೇ ಸರಿ ಎಂದು ಒಪ್ಪಬೇಕಿತ್ತು. ಸುದರ್ಶನಣ್ಣ ಪಕ್ಕದಲ್ಲೇ ಕೂತಿದ್ದರು. ಸೋಮವಾರ ಅವರು ಇಲ್ಲದಾಗ ಸರಿ ಮಾಡುತ್ತೇನೆ, ಅಷ್ಟರಲ್ಲಿ ಡಾಕ್ಟ್ರು ಹೇಗಾದರೂ ಫೋನಿಗೆ ಸಿಗುತ್ತಾರೆ ಎಂದುಕೊಂಡೆ. ಪತ್ರ ಇನ್ನೂ ಓದಿಲ್ಲ ಎಂದು ಕಾಣುವ ಹಾಗೆ ಗುರುತು ಹಾಕಿ ಮುಚ್ಚಿದೆ. ಅಕ್ಷಿತಾ ಸಿಸ್ಟರಿಗೆ ಇದು ಗೊತ್ತಿಲ್ಲ.

ಇದನ್ನು ಬೇರೆ ಹಾಳೆಯಲ್ಲಿ ಬರೆಯಲು ಹೊರಟಿದ್ದೆ, ನೀವು ಇದೊಂದನ್ನು ಹತ್ತಿರ ಇಟ್ಟುಕೊಂಡು ಉಳಿದದ್ದನ್ನು ಕಮಿಟಿಗೆ ಕೊಡಬಹುದು ಎಂದು. ಆಮೇಲೆ ಬೇಡ ಎನಿಸಿತು. ಸಹಿ ಇರುವ ಹಾಳೆಯ ಹಿಂಬದಿಗೇ ಬರೆದಿದ್ದೇನೆ. ಅದನ್ನು ಕೊಟ್ಟರೆ ಇದೂ ಹೋಗುತ್ತದೆ.